ಸಿದ್ದನ ಪಕ್ಕಕ್ಕೆ ಇನ್ನೊಂದು ಎತ್ತು

ಬೆಳ್ಳ ಸತ್ತ ಮೇಲೆ ಸುಮಾರು ಹದಿನೈದು ತಿಂಗಳು ನಮ್ಮ ಕೊಟ್ಟಿಗೆಯಲ್ಲಿ ಒಂದು ಗೂಟ ಖಾಲಿ ಇತ್ತು. ಅವ್ವ ದಿನಾ ಅದರ ಸುತ್ತ ಗುಡಿಸುತ್ತಿದ್ದಳು. ಅಲ್ಲಿ ಸೌದೆ ಒಟ್ಟಲು ಬಿಡುತ್ತಿರಲಿಲ್ಲ, ಮೇಕೆ ಕಟ್ಟಲೂ ಬಿಡುತ್ತಿರಲಿಲ್ಲ. ಸಿದ್ದ ಕೂಡ ಮಲಗುವಾಗ ಆ ಕಡೆಗೆ ಕಾಲು ಚಾಚುತ್ತಿರಲಿಲ್ಲ. ಎಂಟು ವರ್ಷ ಜೊತೆಗಾರನಿಗೆ ಬಿಟ್ಟುಕೊಟ್ಟಿದ್ದ ಜಾಗವನ್ನು ಹಾಗೆಯೇ ಬಿಟ್ಟು ಗೋಡೆಗೆ ಒತ್ತಿಕೊಂಡು ಮಲಗುತ್ತಿದ್ದ.

ನಮ್ಮದು ಮಾಗಡಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮೂರು ಎಕರೆ ಹೊಲ, ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ಬದುವಿನ ಮೇಲೆ ನಾಲ್ಕು ಮಾವಿನ ಮರ. ಮನೆಯಲ್ಲಿ ಅವ್ವ ಮತ್ತು ನಾನು. ತಮ್ಮ ಪೀಣ್ಯದಲ್ಲಿ ಕಾರ್ಖಾನೆ ಕೆಲಸದಲ್ಲಿದ್ದಾನೆ. 2019ರಲ್ಲಿ ಅಪ್ಪ ತೀರಿಕೊಂಡ ಮೇಲೆ ಬೇಸಾಯ ನನ್ನ ಕೈಗೆ ಬಂತು, ಎತ್ತುಗಳ ಹಗ್ಗವೂ ಬಂತು.

ಬೆಳ್ಳ ಮತ್ತು ಸಿದ್ದನನ್ನು ಅಪ್ಪ ತಂದದ್ದು 2014ರ ಜನವರಿಯಲ್ಲಿ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಿಂದ. ಇನ್ನೂ ಹಲ್ಲಾಗದ ಹಳ್ಳಿಕಾರ್ ತಳಿಯ ಕರುಗಳು, ಒಂದೂವರೆ ವರ್ಷದವು. ಉದ್ದ ಮುಖ, ಹಣೆಯ ನಡುವೆ ಗೆರೆ ಎಳೆದ ಹಾಗೆ ತಗ್ಗು, ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಹೋಗಿ ತುದಿಯಲ್ಲಿ ಮುಂದಕ್ಕೆ ಬಾಗುವ ಕೊಂಬು. ಹಳ್ಳಿಕಾರ್ ಅಂದರೆ ಅಪ್ಪನಿಗೆ ಎಷ್ಟು ಅಭಿಮಾನವೆಂದರೆ, 2000ದಲ್ಲಿ ಅಂಚೆ ಇಲಾಖೆ ದೇಸಿ ದನಗಳ ಚೀಟಿ ತಂದಾಗ ಹಳ್ಳಿಕಾರ್ ಇದ್ದ ಚೀಟಿಯೊಂದನ್ನು ಯಾರದೋ ಲಕೋಟೆಯಿಂದ ಬಿಡಿಸಿಕೊಂಡು ಬಂದು ಪಹಣಿ ಇಟ್ಟ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಅದು ಈಗಲೂ ಅಲ್ಲೇ ಇದೆ.

ಸಿದ್ದ ಎಡಕ್ಕೆ, ಬೆಳ್ಳ ಬಲಕ್ಕೆ. ಸಿದ್ದ ಸೌಮ್ಯ, ಹೇಳಿದಷ್ಟು ಮಾಡುವವನು. ಬೆಳ್ಳನಿಗೆ ಹೇಳಬೇಕಾಗಿರಲಿಲ್ಲ. ಸಾಲಿನ ಕೊನೆ ಬಂದರೆ ತಾನೇ ತಿರುಗುತ್ತಿದ್ದ, ಗುಳ ಬೇರಿಗೆ ಸಿಕ್ಕಿದರೆ ನಾನು 'ಹೋ' ಅನ್ನುವ ಮೊದಲೇ ನಿಲ್ಲುತ್ತಿದ್ದ. ಒಂದು ಸಲ ರಾತ್ರಿ ಕೆರೆ ಏರಿಯ ಇಳಿಜಾರಿನಲ್ಲಿ ಗೊಬ್ಬರ ತುಂಬಿದ ಗಾಡಿ ಹಿಂದಕ್ಕೆ ಜಾರಿತು. ಸಿದ್ದ ಮಂಡಿ ಊರಿಬಿಟ್ಟ. ಅಪ್ಪ ಇಳಿದು ಕತ್ತಲಲ್ಲಿ ಕಲ್ಲು ಹುಡುಕಿ ಚಕ್ರಕ್ಕೆ ಕೊಡುವವರೆಗೂ ಇಡೀ ಗಾಡಿಯನ್ನು ಬೆಳ್ಳ ಒಬ್ಬನೇ ಹಿಡಿದು ನಿಂತಿದ್ದ. ಆಮೇಲೆ ಅಪ್ಪ ಅವನ ಕತ್ತು ತಬ್ಬಿಕೊಂಡು ಅತ್ತದ್ದನ್ನು ನಾನು ನೋಡಿದ್ದೇನೆ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

2022ರ ಸೆಪ್ಟೆಂಬರಿನಲ್ಲಿ ಚರ್ಮಗಂಟು ರೋಗ ನಮ್ಮ ಕಡೆಗೂ ಬಂತು. ಊರಿನವರೆಲ್ಲ ಲಂಪಿ ಅಂತಲೇ ಕರೆಯುವುದು. ನೊಣ, ಸೊಳ್ಳೆ, ಉಣ್ಣೆ ಕಚ್ಚಿ ಹರಡುವ ರೋಗ. ಒಂದು ಬೆಳಗ್ಗೆ ಬೆಳ್ಳನ ಮೂಗಿನ ಮೇಲೆ ಹನಿ ಇರಲಿಲ್ಲ. ಗೊತ್ತಿದ್ದವರಿಗೆ ಅಷ್ಟೇ ಸಾಕು, ಮೈ ಸುಡುತ್ತಿದೆ ಎಂದು. ಮೂರನೆಯ ದಿನ ಕತ್ತು, ತೊಡೆಯ ಮೇಲೆ ಗಂಟು ಎದ್ದವು. ಡಾಕ್ಟರು ಬಂದು ಜ್ವರಕ್ಕೆ, ಹುಣ್ಣು ಕೀವಾಗದಂತೆ ಸೂಜಿ ಹಾಕಿದರು. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲವೆಂದು ನೇರವಾಗಿಯೇ ಹೇಳಿದರು. ಹತ್ತು ವೀಳ್ಯದೆಲೆ, ಮೆಣಸು, ಉಪ್ಪು ಅರೆದು ಬೆಲ್ಲದಲ್ಲಿ ಉಂಡೆ ಮಾಡಿ ತಿನ್ನಿಸಿದೆವು. ಬೇವು, ಅರಿಸಿನ, ಬೆಳ್ಳುಳ್ಳಿ ಎಣ್ಣೆಯಲ್ಲಿ ಕಾಯಿಸಿ ಅವ್ವ ಹುಣ್ಣಿಗೆ ಹಚ್ಚಿದಳು. ಸಿದ್ದನನ್ನು ಬೇರೆ ಕಟ್ಟಿ ಲಸಿಕೆ ಹಾಕಿಸಿದೆವು. ಆಗ ಹಾಕುತ್ತಿದ್ದದ್ದು ಮೇಕೆ ಸಿಡುಬಿನ ಲಸಿಕೆ, ಅದು ಈ ರೋಗಕ್ಕೂ ಕೆಲಸ ಮಾಡುತ್ತದಂತೆ. ಬೆಳ್ಳನ ಮುಂಗಾಲು ಕಂಬದ ಹಾಗೆ ಊದಿಕೊಂಡಿತು. ಹದಿನೇಳನೆಯ ದಿನ ಬೆಳಗಿನ ಜಾವ ಹೋದ.

ಬದುವಿನ ಹೊಂಗೆ ಮರದ ಕೆಳಗೆ ಆಳದ ಗುಂಡಿ ತೆಗೆಸಿ, ಸುಣ್ಣ ಸುರಿದು ಮಣ್ಣು ಮಾಡಿದೆವು. ಅವ್ವ ಅರಿಸಿನ ಕುಂಕುಮ ಇಟ್ಟು, ಅವನ ಕೊರಳ ಗಂಟೆಯನ್ನೂ ಜೊತೆಗೆ ಹಾಕಿಸಿದಳು. ಕಿವಿಯ ಹಳದಿ ಓಲೆಯ ಹನ್ನೆರಡು ಅಂಕಿಯನ್ನು ಪಶು ಆಸ್ಪತ್ರೆಯವರು ಬರೆದುಕೊಂಡು ಹೋದರು. ಲಂಪಿಯಲ್ಲಿ ಸತ್ತ ಎತ್ತಿಗೆ ಸರ್ಕಾರ 30,000 ರೂಪಾಯಿ ಪರಿಹಾರ ಕೊಡುತ್ತಿತ್ತು. ಆ ದುಡ್ಡು ಖಾತೆಗೆ ಬಂದ ದಿನ ಅವ್ವ, "ಅದನ್ನ ಮುಟ್ಬ್ಯಾಡ, ಹಂಗೇ ಇರ್ಲಿ" ಎಂದಳು. ಮುಟ್ಟಲಿಲ್ಲ.

ಮುಂದಿನ ವರ್ಷ ಟ್ರ್ಯಾಕ್ಟರ್ ಬಾಡಿಗೆಗೆ ಕರೆದು ಉಳಿಸಿದೆ. ಉಳುವುದೇನೋ ಆಗುತ್ತದೆ. ಆದರೆ ರಾಗಿ ಗೇಣುದ್ದ ಬಂದಾಗ ಕಳೆ ಕೀಳಲು ಸಾಲಿನ ನಡುವೆ ಕುಂಟೆ ಹೊಡೆಯಬೇಕಲ್ಲ, ಅಲ್ಲಿಗೆ ಟ್ರ್ಯಾಕ್ಟರ್ ಇಳಿಸಿದರೆ ಪೈರು ಉಳಿಯುವುದಿಲ್ಲ. ಎತ್ತೇ ಬೇಕು. ಪಕ್ಕದ ಊರಿನ ಚಿಕ್ಕಪ್ಪ ತಮ್ಮ ಜೋಡಿ ತಂದು ಒಂದು ದಿನ ಹೊಡೆದುಕೊಟ್ಟರು. ಅವತ್ತು ಸಿದ್ದ ಕೊಟ್ಟಿಗೆಯಲ್ಲಿ ನಿಂತು ಹೊಲದ ಕಡೆ ನೋಡುತ್ತಾ ಮಧ್ಯಾಹ್ನದವರೆಗೆ ಕೂಗಿದ.

ಸಂಜೆ ಚಿಕ್ಕಪ್ಪ ಜಗಲಿಯ ಮೇಲೆ ಕೂತು ಅಂದರು, "ಒಂಟಿ ಎತ್ತು ಇಟ್ಕಂಡು ಏನ್ ಮಾಡ್ತೀಯವ್ವ? ಮಾರ್ಬುಟ್ಟು ಎಳೇ ಜೋಡಿ ತಕ್ಕೊ."

ಊರಿನವರೆಲ್ಲ ಅದನ್ನೇ ಹೇಳುತ್ತಿದ್ದರು. ತಪ್ಪೇನಲ್ಲ, ಲೆಕ್ಕ ಹಾಗೇ ಇದೆ. ಜಾತ್ರೆಯಲ್ಲಿ ವ್ಯಾಪಾರವಾಗುವುದು ಜೋಡಿ. ಎತ್ತರ, ಬಣ್ಣ, ಕೊಂಬಿನ ವರಸೆ, ನಡಿಗೆ ಎಲ್ಲ ಕೂಡಿದರೆ ಬೆಲೆ. ಒಂಟಿಗೆ ಅದರ ಅರ್ಧವೂ ಸಿಗುವುದಿಲ್ಲ. ಹತ್ತು ವರ್ಷ ದಾಟಿದ ಒಂಟಿ ಎತ್ತನ್ನು ಕೊಳ್ಳಲು ಯಾರು ಬರುತ್ತಾರೆ, ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೆ ಎನ್ನುವುದು ಹೇಳುವವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಿದ್ದನನ್ನು ಮಾರುವುದಿಲ್ಲ ಎಂದೆ. ಹಾಗಾದರೆ ಸಿದ್ದನಿಗೆ ಒಪ್ಪುವ ಒಂದೇ ಒಂದು ಎತ್ತು ಹುಡುಕಬೇಕು. ಬಲಗಡೆ ನಡೆಯುವ ಎತ್ತು.

ಅವ್ವ ಮಾತ್ರ ಯಾವುದೂ ಬೇಡವೆಂದಳು. "ಇನ್ನೊಂದ್ ತರೋದು, ಅದೂ ಹೋಗೋದು. ನನ್ ಕೈಲಾಗಕಿಲ್ಲ."

ದುಡ್ಡಿನ ವಿಷಯ ಹೇಳುತ್ತೇನೆ, ಯಾಕೆಂದರೆ ಇಂಥ ಕಥೆ ಹೇಳುವವರು ಅದನ್ನು ನುಂಗಿಬಿಡುತ್ತಾರೆ. 2023ರ ಆರಂಭದಲ್ಲಿ ಬೆಂಬಲ ಬೆಲೆಗೆ ರಾಗಿ ಮಾರಿದ್ದೆ, ಕ್ವಿಂಟಲಿಗೆ 3,578 ರೂಪಾಯಿಯಂತೆ 12 ಕ್ವಿಂಟಲ್. ಅದು 42,936 ಆಯಿತು. ಪರಿಹಾರದ 30,000 ಸೇರಿಸಿದರೆ 72,936. ಅವ್ವ ಮುಟ್ಟಬೇಡ ಅಂದ ದುಡ್ಡನ್ನು ಈ ಕೆಲಸಕ್ಕೆ ಬಿಟ್ಟು ಇನ್ಯಾವುದಕ್ಕೂ ಮುಟ್ಟಲಾರೆ ಎಂದು ಅವಳ ಎದುರಿಗೇ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಮೊದಲ ಸಲ ನಾನು ಸೋತೆ. ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ ಒಂಟಿ ಎತ್ತಿದೆ ಎಂದು ಗೊತ್ತಾಯಿತು. ಚಿಕ್ಕಪ್ಪನಿಗೆ ಕಾಯದೆ ತಮ್ಮನ ಬೈಕಿನ ಹಿಂದೆ ಕೂತು ಹೋದೆ. ಕೊಟ್ಟಿಗೆಯಿಂದ ಹೊರಗೆ ಬಿಟ್ಟರು ನೋಡಿ, ನನ್ನ ಎದೆ ನಿಂತೇಹೋಯಿತು. ಬೆಳ್ಳನೇ. ಅದೇ ಬೆಳ್ಳಿ ಬಣ್ಣ, ಅದೇ ಎಡ ಕೊಂಬು ಕೊಂಚ ಒಳಕ್ಕೆ, ಕಣ್ಣಿನ ಸುತ್ತ ಅದೇ ಕಪ್ಪು. ಹಲ್ಲು ನೋಡಲಿಲ್ಲ, ಹೆಗಲು ಒತ್ತಿ ನೋಡಲಿಲ್ಲ, ನೊಗಕ್ಕೆ ಕಟ್ಟಿ ನಡೆಸಿ ಎಂದು ಕೇಳಲಿಲ್ಲ. 5,000 ಮುಂಗಡ ಕೊಟ್ಟು, ನಾಲ್ಕು ದಿನ ಕಟ್ಟಿ ನೋಡಿ ಉಳಿದದ್ದು ಕೊಡುತ್ತೇನೆಂದು ಮನೆಗೆ ತಂದೆ.

ಅವ್ವ ಬಾಗಿಲಿಗೆ ಬಂದವಳು ಸೆರಗು ಬಾಯಿಗೆ ಹಿಡಿದು ನಿಂತುಬಿಟ್ಟಳು. ಸಿದ್ದ ಮೂಗು ಅರಳಿಸಿ ಎರಡು ಹೆಜ್ಜೆ ಮುಂದೆ ಬಂದ. ವಾಸನೆ ಸಿಕ್ಕಿದ ಕೂಡಲೇ ಮುಖ ತಿರುಗಿಸಿಕೊಂಡ. ನಾನು ರೂಪಕ್ಕೆ ಮೋಸ ಹೋಗಿದ್ದೆ, ಅವನು ಹೋಗಲಿಲ್ಲ.

ಮಾರನೆಯ ದಿನ ಚಿಕ್ಕಪ್ಪ ಬಂದು ಬಾಯಿ ಬಿಡಿಸಿ ನೋಡಿದರು. ನಾಲ್ಕು ಹಲ್ಲು ಎಂದು ಹೇಳಿದ್ದ ಎತ್ತಿಗೆ ಬಾಯಿಗೂಡಿ ವರ್ಷಗಳೇ ಆಗಿದ್ದವು. ದನಕ್ಕೆ ಎರಡು ವರ್ಷದ ಸುಮಾರಿಗೆ ಮೊದಲ ಜೋಡಿ ಹಲ್ಲು, ಆಮೇಲೆ ಒಂದೊಂದೇ ಜೋಡಿ ಬಂದು ನಾಲ್ಕೂವರೆ ವರ್ಷದ ಹೊತ್ತಿಗೆ ಎಂಟೂ ಕೂಡುತ್ತವೆ. ಮುಂದೆ ಅವು ಸವೆಯುವುದನ್ನು ನೋಡಿ ವಯಸ್ಸು ಹೇಳಬೇಕು. ಹೆಗಲ ಮೇಲೆ ಕೂದಲಿಲ್ಲದ ಒಂದು ಗಟ್ಟಿ ಜಾಗವಿತ್ತು, ಹಳೇ ನೊಗದ ಹುಣ್ಣು. ನೊಗ ಇಟ್ಟ ಕೂಡಲೇ ಆ ಎತ್ತು ಮುಂಗಾಲು ಮಡಚಿ ಕೂತುಬಿಟ್ಟಿತು. ಮೂರು ಸಲ ಇಟ್ಟರು, ಮೂರು ಸಲವೂ ಕೂತಿತು. ಅದರ ತಪ್ಪಲ್ಲ, ಆ ಹೆಗಲಿಗೆ ಏನು ನೋವಾಗಿತ್ತೋ. ವಾಪಸು ಬಿಟ್ಟು ಬಂದೆ. ಮುಂಗಡ ಬರಲಿಲ್ಲ. ದಾರಿಯುದ್ದಕ್ಕೂ ತಮ್ಮ ಏನೂ ಮಾತಾಡಲಿಲ್ಲ, ಆ ತಿಂಗಳ ಕೊನೆಗೆ ತಾನೇ 10,000 ಕಳಿಸಿದ.

2022ರ ಕೊನೆಯಲ್ಲಿ ರೋಗದ ಭಯಕ್ಕೆ ದನದ ಜಾತ್ರೆಗಳನ್ನೇ ತಡೆದಿದ್ದರು. ಮುಂದಿನ ಡಿಸೆಂಬರಿಗೆ ಘಾಟಿಯಲ್ಲಿ ಮತ್ತೆ ದನ ಸೇರುತ್ತಿವೆ ಎಂಬ ಸುದ್ದಿ ಬಂತು. ನಮ್ಮ ಕಡೆಯವರಿಗೆ ಕೆಂಗಲ್ ಅಯ್ಯನಗುಡಿ ಹತ್ತಿರ, ಮೈಸೂರು ಕಡೆಯವರಿಗೆ ಚುಂಚನಕಟ್ಟೆ, ಮುಡುಕುತೊರೆ. ಆದರೆ ಅಪ್ಪ ಹೋಗುತ್ತಿದ್ದದ್ದು ಘಾಟಿಗೇ. ಈ ಸಲ ಚಿಕ್ಕಪ್ಪನ ಜೊತೆ ಹೋದೆ. ಅವ್ವನನ್ನೂ ಕರೆದೆ, ಬರಲಿಲ್ಲ.

ಹಿಂದಿನ ದಿನ ಸಂಜೆಯೇ ತಲುಪಿದೆವು. ಮೊದಲು ದೇವಸ್ಥಾನ. ಒಂದೇ ಕಲ್ಲಿನಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ನರಸಿಂಹನನ್ನು ಹಿಂದಿಟ್ಟ ಕನ್ನಡಿಯಲ್ಲಿ ನೋಡಬೇಕು. ಆಮೇಲೆ ಜಾತ್ರೆಯ ಬಯಲು. ಕಣ್ಣು ಹೋದಷ್ಟು ದೂರ ಶಾಮಿಯಾನ, ಗೂಟ, ಹುಲ್ಲಿನ ಪಿಂಡಿ, ಒಲೆಯ ಹೊಗೆ. ಮಾಕಳಿದುರ್ಗದ ಕಡೆಯಿಂದ ಬೀಸುವ ಚಳಿಗೆ ಎತ್ತಿನ ಮೈಮೇಲೆ ಗೋಣಿತಟ್ಟು ಹೊದಿಸಿ ಮಾಲೀಕರು ಬೆಂಕಿಯ ಮುಂದೆ ಮುದುಡಿ ಕೂತಿದ್ದರು. ದೊಡ್ಡ ದೊಡ್ಡ ಜೋಡಿಗಳಿಗೆ ಹೂವಿನ ಹಾರ, ಝೂಲು, ಕೊಂಬಿಗೆ ಹಿತ್ತಾಳೆ ಅಣಸು. ಅವುಗಳ ಬೆಲೆ ಲಕ್ಷಗಳಲ್ಲಿ. ಬಳ್ಳಾರಿ, ಹಾವೇರಿ ಕಡೆಯ ರೈತರು, ಆಂಧ್ರದವರು ಅವುಗಳ ಮುಂದೆ ಗುಂಪು ಕಟ್ಟಿದ್ದರು. ನಾವು ನಿಲ್ಲದೆ ಮುಂದೆ ಹೋದೆವು. ಒಂಟಿ ಎತ್ತುಗಳು ಕಟ್ಟಿದ್ದದ್ದು ಅಂಚಿನಲ್ಲಿ.

ಆವತ್ತು ಐದು ನೋಡಿದೆವು. ನಾನು ಕುಣಿಗಲ್ಲಿನಲ್ಲಿ ಮಾಡದ್ದನ್ನೆಲ್ಲ ಚಿಕ್ಕಪ್ಪ ಇಲ್ಲಿ ಒಂದೊಂದಾಗಿ ಮಾಡಿಸಿದರು. ದೂರದಲ್ಲಿ ನಿಂತು ಮೊದಲು ಸುಮ್ಮನೆ ನೋಡಬೇಕು, ಮಾಲೀಕನಿಗೆ ಗೊತ್ತಾಗದ ಹಾಗೆ. ಮೆಲುಕು ಹಾಕುತ್ತಿದೆಯೇ, ಮೂಗು ಒದ್ದೆ ಇದೆಯೇ, ಸಗಣಿ ಹೇಗಿದೆ, ನಾಲ್ಕು ಕಾಲಿನ ಮೇಲೂ ಸಮನಾಗಿ ನಿಂತಿದೆಯೇ. ಆಮೇಲೆ ಹತ್ತಿರ ಹೋಗಿ ಹಲ್ಲು, ಹೆಗಲು, ಗೊರಸು. ಕಲ್ಲು ನೆಲದ ಮೇಲೆ ನಡೆಸಬೇಕು, ಮೆತ್ತನೆಯ ಮಣ್ಣಿನಲ್ಲಿ ಸಣ್ಣ ಕುಂಟು ಮುಚ್ಚಿಹೋಗುತ್ತದೆ. ಹಿಂದಕ್ಕೆ ನಡೆಸಬೇಕು. ಕಡೆಗೆ ಸುಳಿ, ಅಂದರೆ ಮೈಮೇಲೆ ಕೂದಲು ಸುತ್ತಿಕೊಂಡ ಗುರುತು; ಒಳ್ಳೆಯದು ಕೆಟ್ಟದ್ದನ್ನು ಅದರಲ್ಲಿ ನೋಡುತ್ತಾರೆ.

ಐದನೆಯದು ಎಲ್ಲದಕ್ಕಿಂತ ಕೊನೆಯಲ್ಲಿ, ಒಂದು ಹುಣಸೆ ಮರದ ಕೆಳಗೆ ನಿಂತಿತ್ತು. ಹಾರವಿಲ್ಲ, ಗಂಟೆಯಿಲ್ಲ. ಬೆಳ್ಳನಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಕತ್ತು, ಹಿಂಭಾಗವೆಲ್ಲ ಕಪ್ಪಿಗೆ ತಿರುಗಿದ ಬೂದು. ಸಿದ್ದನಿಗಿಂತ ಎರಡು ಬೆರಳು ಗಿಡ್ಡ. ಆರು ಹಲ್ಲು, ಅಂದರೆ ನಾಲ್ಕು ವರ್ಷದ ಒಳಗೆ. ಹತ್ತಿರ ಹೋದಾಗ ಬೆಚ್ಚಲಿಲ್ಲ, ಮೂಸಲೂ ಇಲ್ಲ; ಕಿವಿ ಮಾತ್ರ ನನ್ನ ಕಡೆ ತಿರುಗಿಸಿತು. ಅದು ಒಂದು ವಿಚಿತ್ರ ಮಾಡುತ್ತಿತ್ತು. ಅಷ್ಟು ಜಾಗವಿದ್ದರೂ ಗೂಟದ ಬಲಕ್ಕೇ ನಿಂತು ಎಡಗಡೆ ಒಂದು ಎತ್ತಿನಷ್ಟು ಜಾಗ ಬಿಟ್ಟಿತ್ತು.

ಮಾಲೀಕರು ಗೌರಿಬಿದನೂರು ಕಡೆಯ ವಯಸ್ಸಾದ ರೈತರು, ದಳ್ಳಾಳಿಯಲ್ಲ. "ಯಾವ್ ಕಡೆ ನಡೀತದೆ ತಾತ?" ಎಂದೆ.

"ಬಲಗಡೆ ಅಮ್ಮ."

"ಜೋಡಿ?"

ಅವರು ಟವಲಿನಿಂದ ಮುಖ ಒರೆಸಿಕೊಂಡರು. "ಹೋದ್ ವರ್ಸ ಲಂಪೀಲಿ ಹೋಯ್ತಮ್ಮ. ಮಗ ಟ್ರ್ಯಾಕ್ಟರ್ ತಂದವ್ನೆ. ಇದನ್ನ ಯಾಕೆ ಸುಮ್ಕೆ ಕಟ್ಟಾಕೀಯಾ ಅಂತಾನೆ."

ನಾನು ಚಿಕ್ಕಪ್ಪನ ಮುಖ ನೋಡಲಿಲ್ಲ. ಸಿದ್ದನನ್ನು ಮಾರಿದ್ದರೆ ಹೀಗೇ ಯಾವುದೋ ಮರದ ಕೆಳಗೆ ಎಡಗಡೆ ನಿಂತಿರುತ್ತಿದ್ದ, ಬಲಕ್ಕೆ ಜಾಗ ಬಿಟ್ಟು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ವ್ಯಾಪಾರದ ಜಾಗದಲ್ಲಿ ಅಂಥದ್ದು ಹೇಳಿದರೆ ಬೆಲೆ ಏರುತ್ತದೆ ಎಂದು ಅಪ್ಪ ಹೇಳುತ್ತಿದ್ದ ಮಾತು ನೆನಪಿತ್ತು.

ಬೆಳಗ್ಗೆ ಇನ್ನೊಬ್ಬರ ಎತ್ತಿನ ಜೊತೆ ಖಾಲಿ ಗಾಡಿಗೆ ಕಟ್ಟಿ ನಡೆಸಿದರು. ತಲೆ ಎತ್ತಿ, ನೊಗ ಅಲುಗದ ಹಾಗೆ ನಡೆಯಿತು. ಗಾಡಿ ನಿಂತಾಗ ತಾನೂ ನಿಂತು, ಪಕ್ಕದ ಎತ್ತಿನ ಕತ್ತಿಗೆ ಮೂತಿ ತಾಗಿಸಿತು. ಗುರುತಿಲ್ಲದ ಎತ್ತಿಗೆ. ನನಗೆ ಅಲ್ಲಿಗೆ ಸಾಕಾಯಿತು.

ಚಿಕ್ಕಪ್ಪನಿಗೆ ಸಾಕಾಗಲಿಲ್ಲ. ಬಣ್ಣ ಕೂಡುವುದಿಲ್ಲ, ಎತ್ತರ ಕೂಡುವುದಿಲ್ಲ, ಬೆನ್ನಿನ ಪಕ್ಕದಲ್ಲಿ ಒಂದು ಸುಳಿ ಅವರಿಗೆ ಹಿಡಿಸಲಿಲ್ಲ. ನನ್ನನ್ನು ದೂರ ಕರೆದುಕೊಂಡು ಹೋಗಿ, "ಜನ ಏನಂದಾರು? ಒಂದು ಬೆಳ್ಳಗೆ, ಒಂದು ಕರ್ರಗೆ" ಎಂದರು. ಸುಳಿ ನೋಡುವುದನ್ನು ನಾನು ಹೀಗಳೆಯುವವಳಲ್ಲ, ಅಪ್ಪನೂ ನೋಡಿಯೇ ತಂದವನು. ಆದರೆ ಬೆಳ್ಳನಿಗೆ ಸುಳಿಯೆಲ್ಲ ಶುದ್ಧವಾಗಿತ್ತು. ಅಷ್ಟನ್ನೇ ಹೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡಿ, ಕೈ ಹಾಕ್ತೀನಿ" ಎಂದರು.

ಕೈ ಹಾಕುವುದೆಂದರೆ ಟವಲಿನ ಕೆಳಗೆ. ಕೊಳ್ಳುವವರು ಮಾರುವವರು ಕೈ ಹಿಡಿದು ಮೇಲೆ ಟವಲು ಮುಚ್ಚುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಅದು ಸಾವಿರವೋ ಹತ್ತು ಸಾವಿರವೋ ಇಬ್ಬರಿಗೂ ಗೊತ್ತಿರುತ್ತದೆ, ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಮುಖದಲ್ಲಿ ಏನನ್ನೂ ತೋರಿಸಬಾರದು. ನಡುವೆ ಒಬ್ಬ ದಳ್ಳಾಳಿ ಎಲ್ಲಿಂದಲೋ ಬಂದು ಸೇರಿಕೊಂಡ. ಚಿಕ್ಕಪ್ಪ ಪ್ರತಿ ಸಲ ಕೈ ಬಿಡಿಸಿಕೊಂಡು ಬಂದು ನನ್ನ ಕಿವಿಯಲ್ಲಿ ಅಂಕಿ ಹೇಳುವುದು, ನಾನು ತಲೆ ಆಡಿಸುವುದು, ಅವರು ಮತ್ತೆ ಹೋಗುವುದು. 85ರಿಂದ ಶುರುವಾದದ್ದು 70ಕ್ಕೆ ಬಂದು ನಿಂತಿತು. ನಾವು 65ರಲ್ಲಿದ್ದೆವು. ಅರ್ಧ ಗಂಟೆ ಯಾರೂ ಅಲುಗಲಿಲ್ಲ.

ಆಗ ಆ ತಾತ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ದಳ್ಳಾಳಿಯನ್ನೂ ಚಿಕ್ಕಪ್ಪನನ್ನೂ ಬಿಟ್ಟು ನೇರ ನನ್ನನ್ನೇ ಕೇಳಿದರು: "ನಿಮ್ ಮನೇಲಿ ಇದರ ಜೊತೆಗೆ ಯಾವ್ದೈತಮ್ಮ?"

ಅಪ್ಪನ ಮಾತು ಮೀರಿ ಎಲ್ಲ ಹೇಳಿದೆ. ಬೆಳ್ಳನನ್ನು, ಸಿದ್ದನನ್ನು, ಖಾಲಿ ಗೂಟವನ್ನು. ಅವರು ಕೇಳುತ್ತಾ ಎತ್ತಿನ ಬೆನ್ನು ಸವರುತ್ತಿದ್ದರು. "ಹಂಗಾರೆ 66 ಕೊಡು. ಅದಕ್ಕಿಂತ ಇಳಿಸ್ಬ್ಯಾಡ" ಎಂದರು. 66,000 ಎಣಿಸಿ ಕೊಟ್ಟೆ. ದಳ್ಳಾಳಿಗೆ ಒಂದು ಸಾವಿರ.

ಹಗ್ಗ ಬಿಚ್ಚುವಾಗ ಅವರ ಕೈ ನಡುಗಿತು. ಹಳೇ ಹಗ್ಗವನ್ನು ಅವರೇ ಇಟ್ಟುಕೊಂಡರು. ಅಲ್ಲೇ ಅಂಗಡಿಯಲ್ಲಿ ಹೊಸ ಹಗ್ಗ, ಮೂಗುದಾರ ಕೊಂಡಿದ್ದೆವು, ಚಿಕ್ಕಪ್ಪ ಕಟ್ಟಿದರು. "ಮುನಿಯಾ ಅಂತ ಕರೀರಿ, ತಿರುಗಿ ನೋಡ್ತದೆ. ಹುಳ್ಳಿ ಬೇಯ್ಸಿದ್ದು ಅಂದ್ರೆ ಪ್ರಾಣ" ಎಂದು ಹೇಳಿ, ಹಿಂದಿರುಗಿ ನೋಡದೆ ಜನರ ನಡುವೆ ಹೋಗಿಬಿಟ್ಟರು.

ಜಾತ್ರೆಯಲ್ಲಿದ್ದ ಪಶುವೈದ್ಯರಿಗೆ ತೋರಿಸಿ, ಕಿವಿ ಓಲೆಯ ಅಂಕಿ ತಾಳೆ ನೋಡಿ, ಲಸಿಕೆ ಆಗಿದೆಯೇ ವಿಚಾರಿಸಿ, ಸಾಗಿಸಲು ಪತ್ರ ಬರೆಸಿಕೊಂಡೆವು. ಪಿಕಪ್ ಗಾಡಿಗೆ ಮರಳು, ಹುಲ್ಲು ಹಾಸಿ ಹತ್ತಿಸಿದೆವು. ದೊಡ್ಡಬಳ್ಳಾಪುರ, ನೆಲಮಂಗಲ, ಸೋಲೂರು ದಾಟಿ ಮನೆಗೆ ಬಂದಾಗ ರಾತ್ರಿಯಾಗಿತ್ತು. ನಾನು ಹಿಂದೆಯೇ ನಿಂತು ಬಂದೆ.

ಮೂರು ವಾರ ಬೇರೆ ಕಟ್ಟಬೇಕೆಂದು ಡಾಕ್ಟರು ಹೇಳಿದ್ದರು. ಲಂಪಿ ಬಂದುಹೋದ ಮನೆ, ನಾನು ಒಂದು ದಿನವೂ ಕಡಿಮೆ ಮಾಡಲಿಲ್ಲ. ಎದುರು ಮನೆಯವರ ಖಾಲಿ ಕೊಟ್ಟಿಗೆಯಲ್ಲಿ ಕಟ್ಟಿದೆವು. ಓಣಿಯ ಈ ಕಡೆ ಸಿದ್ದ, ಆ ಕಡೆ ಅದು. ಎರಡೂ ಇಡೀ ದಿನ ಒಂದನ್ನೊಂದು ನೋಡುತ್ತಿದ್ದವು. ಅವ್ವ ಆ ಕಡೆ ಹೋಗಲಿಲ್ಲ. ಆದರೆ ಎರಡನೆಯ ದಿನದಿಂದ ಹುರುಳಿ ಬೇಯಿಸುವ ಮಡಕೆ ದೊಡ್ಡದಾಯಿತು. "ಸಿದ್ದಂಗೆ ಚಳಿ, ಜಾಸ್ತಿ ತಿನ್ಲಿ" ಎಂದಳು. ಉಳಿದದ್ದನ್ನು ಬಕೆಟ್ಟಿಗೆ ಹಾಕಿ ಹೊಸಿಲ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದಳು.

ಜನವರಿ 15ರಂದು ಸಂಕ್ರಾಂತಿ. ಸಂಜೆ ಊರ ಮುಂದೆ ಹುಲ್ಲು ಹರಡಿ ಕಿಚ್ಚು ಹಾಯಿಸುತ್ತಾರೆ. ಹೊಸ ಎತ್ತು ಬರುವ ಹಾಗಿರಲಿಲ್ಲ. ಸಿದ್ದನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಕರೆದುಕೊಂಡು ಹೋದೆ. ಬೆಂಕಿಯ ಮುಂದೆ ನಿಂತುಬಿಟ್ಟ. ಎಷ್ಟು ಎಳೆದರೂ ಬರಲಿಲ್ಲ. ಯಾವಾಗಲೂ ಬಲಗಡೆ ಬೆಳ್ಳನಿರುತ್ತಿದ್ದ, ಅವನು ನೆಗೆದರೆ ಇವನು ನೆಗೆಯುತ್ತಿದ್ದ. ಹಗ್ಗ ಚಿಕ್ಕದು ಮಾಡಿ ಹಿಡಿದು ಅವನ ಬಲಕ್ಕೆ ಬಂದು ನಿಂತೆ. ಹೆಗಲಿಗೆ ಹೆಗಲು ಕೊಟ್ಟು ಓಡಿದೆ. ಬಂದ. ಸೀರೆಯ ಅಂಚು ಸುಟ್ಟಿತು.

ಮೂರು ವಾರ ಕಳೆದು ಒಳಗೆ ತಂದಾಗ ಸಿದ್ದ ಹಾಯಲು ಬರಲಿಲ್ಲ, ಮುಖ ತಿರುಗಿಸಲೂ ಇಲ್ಲ. ಎರಡು ದಿನ ಗಮನಿಸದವನ ಹಾಗೆ ಇದ್ದ. ಮೂರನೆಯ ದಿನ ಬೆಳಗ್ಗೆ ಸಗಣಿ ಬಾಚಲು ಹೋದಾಗ ಹೊಸದು ಸಿದ್ದನ ಕಿವಿಯ ಹಿಂದೆ ನೆಕ್ಕುತ್ತಿತ್ತು. ಸಿದ್ದ ಕಣ್ಣು ಮುಚ್ಚಿ ಕತ್ತು ಚಾಚಿ ಕೊಟ್ಟಿದ್ದ.

ನೊಗದ ಕೆಳಗೆ ಮಾತ್ರ ಅಷ್ಟು ಸುಲಭವಾಗಲಿಲ್ಲ. ಎಳೆಯದಕ್ಕೆ ಬಿರುಸು, ಸಿದ್ದನಿಗೆ ವಯಸ್ಸು. ಬಲಗಡೆ ಮುಂದೆ ಹೋಗಿ ನೊಗ ಓರೆಯಾಗುತ್ತಿತ್ತು. ಸಿದ್ದನ ಹೆಗಲು ಉಜ್ಜಿ ಕೆಂಪಾಯಿತು. ನಾನು ಹೆದರಿ ನಾಲ್ಕು ದಿನ ಹೂಡಲೇ ಇಲ್ಲ. ಚಿಕ್ಕಪ್ಪ ಬಂದು ನೋಡಿ, ನೊಗದ ನಡುವಿನ ಕಟ್ಟನ್ನು ಬಿಚ್ಚಿ ಎರಡು ಬೆರಳಿನಷ್ಟು ಬಲಕ್ಕೆ ಸರಿಸಿ ಕಟ್ಟಿದರು. ಆಗ ಎಳೆಯದರ ಕಡೆ ನೊಗ ಗಿಡ್ಡವಾಗಿ ಹೆಚ್ಚು ಭಾರ ಅದರ ಹೆಗಲಿಗೆ ಹೋಗುತ್ತದೆ, ಮುದುಕನಿಗೆ ಹಗುರ. ಇದು ಅಪ್ಪನಿಗೂ ಗೊತ್ತಿತ್ತೇನೋ. ಒಂದೇ ವಯಸ್ಸಿನ ಜೋಡಿಗೆ ಅದು ಬೇಕಾಗಿರಲಿಲ್ಲ. ಮೊದಲು ಮರದ ತುಂಡು ಎಳೆಸಿದೆವು, ಆಮೇಲೆ ಖಾಲಿ ಗಾಡಿ, ಆಮೇಲೆ ಅರ್ಧ ಗಾಡಿ ಗೊಬ್ಬರ. ಫೆಬ್ರವರಿ ಕಳೆಯುವ ಹೊತ್ತಿಗೆ ನೊಗ ನೇರ ನಿಂತಿತು.

ಆ ವರ್ಷದ ರಾಗಿಗೆ ಕುಂಟೆ ಹೊಡೆದದ್ದು ನಾವೇ. ಮುನಿಯ ಬೆಳ್ಳನ ಹಾಗೆ ಸಾಲಿನ ಕೊನೆಯಲ್ಲಿ ತಾನೇ ತಿರುಗುವುದಿಲ್ಲ. ನಿಲ್ಲುತ್ತಾನೆ, ಕಿವಿ ಹಿಂದಕ್ಕೆ ತಿರುಗಿಸಿ ನನ್ನ ದನಿಗೆ ಕಾಯುತ್ತಾನೆ. ಮೊದಮೊದಲು ಅದು ನನಗೆ ಕೊರತೆಯಾಗಿ ಕಂಡಿತು. ಈಗ ಪ್ರತಿ ಸಾಲಿಗೂ ಮಾತಾಡುತ್ತೇನೆ. ಬೆಳ್ಳನ ಕಾಲದಲ್ಲಿ ಇಡೀ ಹೊಲ ಮುಗಿದರೂ ನಾಲ್ಕು ಮಾತಾಡಿರುತ್ತಿರಲಿಲ್ಲ. ಒಂದು ಮಧ್ಯಾಹ್ನ ಬುತ್ತಿ ತಂದ ಅವ್ವ ಬದುವಿನ ಮೇಲೆ, ಹೊಂಗೆ ಮರದ ನೆರಳಿನಲ್ಲಿ ಕೂತು ನೋಡುತ್ತಿದ್ದಳು. ಸಾಲು ಮುಗಿದು ನಾವು ಹತ್ತಿರ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವಳೇ ಕೂಗಿದಳು, "ಮುನಿಯಾ, ತಿರುಗು ಕಣಪ್ಪ."

ಜೋಡಿ ಬಣ್ಣ ಕೂಡುವುದಿಲ್ಲ. ಹಾದಿಯಲ್ಲಿ ಹೋಗುವವರು ನೋಡಿ ಹೇಳುತ್ತಾರೆ, ಹೇಳಲಿ.

ಸಿದ್ದನಿಗೆ ಈಗ ಹದಿಮೂರು. ಗಾಡಿಗೆ ಕಟ್ಟುವುದನ್ನು ನಿಲ್ಲಿಸಿದ್ದೇವೆ, ಕುಂಟೆಯೂ ಇನ್ನೊಂದು ವರ್ಷ ಅಷ್ಟೇ. ಮುನಿಯನ ಎಡಕ್ಕೆ ಒಂದು ಕರು ಈಗಲೇ ತಂದು ಪಳಗಿಸಬೇಕು, ಸಿದ್ದ ಇರುವಾಗಲೇ, ಅವನನ್ನು ನೋಡಿ ಕಲಿಯಲಿ ಎನ್ನುತ್ತಾರೆ ಚಿಕ್ಕಪ್ಪ. ಮೊನ್ನೆ ಅವ್ವ ಹೊಲದಿಂದ ಬರುವಾಗ ಜಾಲಿಯ ಒಂದು ಗಟ್ಟಿ ತುಂಡನ್ನು ತಲೆಯ ಮೇಲೆ ಹೊತ್ತು ತಂದಳು. ಕೊಡಲಿಯಲ್ಲಿ ತುದಿ ಚೂಪು ಮಾಡಿ ಕೊಟ್ಟಿಗೆಯ ಮೂಲೆಗೆ ಒರಗಿಸಿದ್ದಾಳೆ, ಮೂರನೆಯ ಗೂಟಕ್ಕೆ. ಡಿಸೆಂಬರಿನಲ್ಲಿ ಘಾಟಿಗೆ ಈ ಸಲ ತಾನೂ ಬರುತ್ತಾಳಂತೆ.